ಬೆನ್ನ ಹಿಂದಿನ ಗಂಟೆ

ಗಂಟೆ ಬಾರಿಸಿತು ಎಂದು ಡ್ರೈವರನಿಗೆ ಗೊತ್ತಾದದ್ದು ಟೇಲರನ ಗದ್ದದಿಂದ. ಮಾತಿನ ಮಧ್ಯೆ ಆ ಗದ್ದ ಥಟ್ಟನೆ ಮೇಲೆದ್ದಿತು, ಬಾಯಿಯ ಹತ್ತಿರ ಬಂದಿದ್ದ ಬ್ರೆಡ್ಡಿನ ತುಂಡು ಅಲ್ಲೇ ನಿಂತಿತು. ಪಕ್ಕದಲ್ಲಿ ಕಾಲು ಚಾಚಿ ಕೂತಿದ್ದ ಮೇಷ್ಟ್ರು ಕಣ್ಣು ಮುಚ್ಚಿಕೊಂಡೇ ನಕ್ಕರು. ಯಾರ ಗಂಟೆ? ಡ್ರೈವರ್ ಕೈಯಲ್ಲಿದ್ದ ಚಹಾದ ಲೋಟವನ್ನು ಮರಳಿನಲ್ಲಿ ನಿಧಾನವಾಗಿ ಒತ್ತಿ ನಿಲ್ಲಿಸಿದ. ಅವಸರ ಮಾಡಬಾರದು. ಯಾರದ್ದೋ ಅವರು ಎದ್ದು ಹೋಗುತ್ತಾರೆ. ಯಾರೂ ಏಳದಿದ್ದರೆ ಅದು ತನ್ನದು.

ಯಾರೂ ಏಳಲಿಲ್ಲ. ಟೇಲರ್, ಮೇಷ್ಟ್ರು, ಕಾಂಪೌಂಡರ್ ಮೂವರೂ ಅವನನ್ನೇ ನೋಡುತ್ತಿದ್ದರು.

"ನಿಂದೇ ಕಣೋ ಪುಣ್ಯಾತ್ಮ!" ಎಂದ ಟೇಲರ್. "ಮೀನು ಬಂದು ಬಾಗಿಲು ತಟ್ಟಿದ್ರೂ ಯಜಮಾನ್ರು ಏಳಲ್ಲವಂತೆ."

"ಗೊತ್ತು ಬಿಡೋ. ಚೆನ್ನಾಗಿ ಕಚ್ಚಲಿ ಅಂತ ಬಿಟ್ಟಿದ್ದೆ," ಎಂದು ಡ್ರೈವರ್ ಸೊಂಟ ಹಿಡಿದುಕೊಂಡು ಎದ್ದ. ನಡಿಗೆಯಲ್ಲಿ ಸೋಮಾರಿತನ ತೋರಿಸಿದ. ಎದೆ ಮಾತ್ರ ಹಳೇ ಬಸ್ಸಿನ ಎಂಜಿನ್ನಿನ ಹಾಗೆ ಹೊಡೆದುಕೊಳ್ಳುತ್ತಿತ್ತು. ರೀಲು ಸುತ್ತಿದರೆ ಬರೀ ಗಾಳ ಬಂತು. ಎರೆಯನ್ನು ಯಾವುದೋ ಮೀನು ನೀಟಾಗಿ ತಿಂದು ಹೋಗಿತ್ತು.

"ಏಡಿ!" ಎಂದು ಅಲ್ಲಿಂದಲೇ ಕೂಗಿ ಹೇಳಿದ. ಹೊಸ ಸಿಗಡಿ ಚುಚ್ಚುವಾಗ ಬೆರಳು ಎರಡು ಸಲ ತಪ್ಪಿತು.

ಈ ನಾಲ್ವರು ತಿಂಗಳಿಗೊಂದು ಭಾನುವಾರ ಇದೇ ಮರಳಿಗೆ ಬಂದು ಗಾಳ ಹಾಕಲು ಶುರು ಮಾಡಿ ಇಪ್ಪತ್ತೆರಡು ವರ್ಷವಾಗಿತ್ತು. ಸೀಸದ ಗುಂಡು ಕಟ್ಟಿದ ದಾರವನ್ನು ಅಲೆ ಒಡೆಯುವ ಜಾಗದಾಚೆಗೆ ಬೀಸಿ ಎಸೆಯುವುದು, ಮರಳಲ್ಲಿ ಹೂತ ಪೈಪಿಗೆ ಗಾಳದ ರಾಡನ್ನು ಇಳಿಸುವುದು, ತುದಿಗೊಂದು ಗಂಟೆ ಸಿಕ್ಕಿಸುವುದು, ಆಮೇಲೆ ನಾಲ್ವರೂ ಸಮುದ್ರಕ್ಕೆ ಬೆನ್ನು ಹಾಕಿ ಕೂರುವುದು. ಹಾದು ಹೋಗುವವರು ನಿಂತು ನೋಡಿ ನಗುತ್ತಾರೆ. ಮೀನು ಹಿಡಿಯಲು ಬಂದ ದೊಡ್ಡ ಮನುಷ್ಯರು ಮರಳಿನ ದಿಬ್ಬ ನೋಡುತ್ತಾ ಕೂತಿದ್ದರೆ ನಗದೆ ಏನು ಮಾಡಿಯಾರು? ಇದಕ್ಕೆಲ್ಲ ಕಾರಣ ಟೇಲರ್. ಮೊದಲ ವರ್ಷ ಅವನು ಐದೈದು ನಿಮಿಷಕ್ಕೊಮ್ಮೆ "ಅಲ್ಲಾಡ್ತು, ಅಲ್ಲಾಡ್ತು" ಎಂದು ಓಡಿ ರೀಲು ಸುತ್ತಿ, ತನ್ನ ದಾರದ ಜೊತೆಗೆ ಉಳಿದ ಮೂರನ್ನೂ ಸಿಕ್ಕು ಮಾಡಿ ತರುತ್ತಿದ್ದ. ಲೆಕ್ಕದ ಮೇಷ್ಟ್ರು ಬೇಸತ್ತು ಕಾನೂನು ಮಾಡಿದರು: ಗಂಟೆ ಬಾರಿಸುವ ತನಕ ಯಾರೂ ತಿರುಗಬಾರದು, ತಿರುಗಿದವನು ಅವತ್ತಿನ ಎಲ್ಲ ಮೀನನ್ನೂ ಉಜ್ಜಿ ತೊಳೆದು ಕೊಡಬೇಕು. ಅಂದಿನಿಂದ ಕಣ್ಣಿಗೆ ರಜೆ, ಕಿವಿಗೆ ಕೆಲಸ.

ನಾಲ್ಕು ಗಂಟೆಯ ಸದ್ದೂ ಬೇರೆ ಬೇರೆ. ಮೇಷ್ಟ್ರದ್ದು ಆಡಿನ ಕೊರಳಿನ ಗಂಟೆ, ತಗಡು ಬಡಿದ ಹಾಗೆ. ಟೇಲರನದ್ದು ಅವನ ಹಳೇ ಅಂಗಡಿಯ ಬಾಗಿಲಲ್ಲಿ ತೂಗುತ್ತಿದ್ದದ್ದು. ಕಾಂಪೌಂಡರನದ್ದು ಗಾಳದ ಸಾಮಾನಿನ ಅಂಗಡಿಯಲ್ಲಿ ಕೊಂಡ ಜೋಡಿ ಗಂಟೆ. ಡ್ರೈವರನದ್ದು ಅವನ ಮಗಳು ಚಿಕ್ಕವಳಿದ್ದಾಗ ಸಾಕಿದ್ದ ಬೆಕ್ಕಿನ ಕೊರಳಿನದು, ಕಡಲೆಕಾಳಿಗಿಂತ ತುಸು ದೊಡ್ಡದು, ಸೂಜಿಯಂಥ ಸಣ್ಣ ದನಿ. ಬೆಕ್ಕು ಸತ್ತು, ಮಗಳು ಮದುವೆಯಾಗಿ ಹೋಗಿ, ಗಂಟೆ ಅಪ್ಪನ ಪಾಲಿಗೆ ಬಂದಿತ್ತು.

ಹೋದ ವರ್ಷ ಆ ಗಂಟೆ ಮೂಕವಾಯಿತು. ಉಪ್ಪು ಗಾಳಿಗೆ ತುಕ್ಕು ಹಿಡಿದಿದೆ ಎಂದುಕೊಂಡು ಡ್ರೈವರ್ ಅದನ್ನು ಮನೆಗೆ ತಂದು, ಎಣ್ಣೆ ಬಿಟ್ಟು, ಒರೆಸಿ, ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದ. ಒಳಗಿನ ಗುಂಡು ಬೆರಳಿಗೆ ತಾಗುತ್ತಿತ್ತು, ಸದ್ದು ಮಾತ್ರ ಇಲ್ಲ. ಇನ್ನೂ ಜೋರಾಗಿ ಅಲ್ಲಾಡಿಸಿದ. ಅಡುಗೆ ಮನೆಯಿಂದ ಹೆಂಡತಿ ಸೌಟು ಹಿಡಿದುಕೊಂಡೇ ಬಂದು, "ಏನ್ರೀ ಅದು, ಅರ್ಧ ಗಂಟೆಯಿಂದ ಕಿಣಿಕಿಣಿ ಅಂತ! ತಲೆ ಚಿಟ್ಟು ಹಿಡೀತಿದೆ ನಂಗೆ," ಎಂದಳು. ಅವನು ಅವಳ ಮುಖವನ್ನೇ ನೋಡಿದ. ಅವಳು ಅವನ ಕೈಯನ್ನು ನೋಡಿದಳು.

ಅವನು ಮೂವತ್ತೊಂದು ವರ್ಷದಿಂದ ಬಸ್ಸು ಓಡಿಸುತ್ತಿದ್ದ. ಒಂದು ಕಡೆ ಎಂಜಿನ್ನು, ಇನ್ನೊಂದು ಕಡೆ ಕಿಟಕಿಯ ಗಾಳಿ. ಎರಡೂ ಸೇರಿ ಕಿವಿಯೊಳಗಿನ ಸಣ್ಣ ಸದ್ದುಗಳನ್ನೆಲ್ಲ ಒಂದೊಂದಾಗಿ ಗುಡಿಸಿ ಹಾಕಿದ್ದವು. ಗಂಡಸರ ದಪ್ಪ ದನಿ ಕೇಳುತ್ತದೆ, ಲಾರಿಯ ಹಾರ್ನು ಕೇಳುತ್ತದೆ. ಮಗಳು ಫೋನಿನಲ್ಲಿ ಹೇಳಿದ್ದು ಅರ್ಧ ಕೇಳುತ್ತದೆ. ಕಂಡಕ್ಟರ್ ಹಗ್ಗ ಎಳೆದಾಗ ತಲೆಯ ಮೇಲೆ ಬಾರಿಸುವ ಗಂಟೆ ಕೇಳುವುದಿಲ್ಲ. ಒಂದು ಸಲ ಬಾರಿಸಿದರೆ ನಿಲ್ಲಿಸು, ಎರಡು ಸಲ ಬಾರಿಸಿದರೆ ಹೊರಡು. ಈಗ ಅವನು ಒಳಗನ್ನಡಿಯಲ್ಲಿ ಕಂಡಕ್ಟರನ ಕೈ ನೋಡಿ ಎಣಿಸುತ್ತಿದ್ದ.

ಬುಧವಾರ ವರ್ಷದ ತಪಾಸಣೆ. ಕಿವಿಯ ಪರೀಕ್ಷೆಯಲ್ಲಿ ಬಿದ್ದರೆ ಸ್ಟೀರಿಂಗ್ ಬಿಟ್ಟ ಹಾಗೆಯೇ. ನಿವೃತ್ತಿಗೆ ಉಳಿದಿದ್ದ ಎರಡು ವರ್ಷವನ್ನು ಡಿಪೋದ ಗೇಟಿನಲ್ಲಿ ಕುರ್ಚಿ ಹಾಕಿಕೊಂಡು, ಒಳಗೆ ಬರುವ ಹೊರಗೆ ಹೋಗುವ ಗಾಡಿಗಳ ನಂಬರು ಬರೆಯುತ್ತಾ ಕಳೆಯಬೇಕು. ನಿನ್ನೆ ಮೊನ್ನೆ ಬಂದ ಹುಡುಗರೆಲ್ಲ ಅವನ ಮುಂದೆಯೇ ಅವನ ಗಾಡಿ ತೆಗೆದುಕೊಂಡು ಹೋಗುತ್ತಾರೆ.

ಆ ಪರೀಕ್ಷೆಯ ಯಂತ್ರ ಇರುವುದು ಡಿಪೋದ ಚಿಕಿತ್ಸಾ ಕೋಣೆಯಲ್ಲಿ. ಅದನ್ನು ನಡೆಸುವವನು ಇದೇ ಕಾಂಪೌಂಡರ್. ಗಾಜಿನ ಕಿಟಕಿಯ ಈಚೆ ಡ್ರೈವರ್ ಕಿವಿಗೆ ಹೆಡ್‌ಫೋನ್ ಹಾಕಿಕೊಂಡು ಕೂರುತ್ತಾನೆ, ಆಚೆ ಕಾಂಪೌಂಡರ್ ಬಟನ್ ಒತ್ತುತ್ತಾನೆ, ಸದ್ದು ಕೇಳಿದಾಗಲೆಲ್ಲ ಇವನು ಬೆರಳೆತ್ತಬೇಕು. ಹೋದ ವರ್ಷ ಡ್ರೈವರನಿಗೆ ಕೇಳಿಸಿದ್ದು ಬರೀ ಮೊದಲ ನಾಲ್ಕೈದು. ಆದರೆ ಬಟನ್ ಒತ್ತುವಾಗ ಕಾಂಪೌಂಡರನ ಮೊಣಕೈ ಸ್ವಲ್ಪ ಮೇಲೇಳುತ್ತದೆ ಎನ್ನುವುದು ಅವನ ಕಣ್ಣಿಗೆ ಬಿತ್ತು. ಮೊಣಕೈ ಎದ್ದಾಗಲೆಲ್ಲ ಬೆರಳೆತ್ತಿದ. ಪಾಸಾದ.

ಈ ವರ್ಷ ಆ ಧೈರ್ಯ ಉಳಿದಿರಲಿಲ್ಲ. ಮೊಣಕೈ ಏಳದಿದ್ದರೆ? ಬೇರೆ ಯಾರಾದರೂ ಪಕ್ಕದಲ್ಲಿ ನಿಂತಿದ್ದರೆ? ಬೆಳಗ್ಗೆ ಬೇಯಿಸಿದ ಮೊಟ್ಟೆಯ ಡಬ್ಬಿ ಕೈಗೆ ಕೊಡುತ್ತಾ ಹೆಂಡತಿ ಅವನ ಮುಖದ ಎದುರಿಗೆ ಬಂದು, "ಇವತ್ತು ಕೇಳ್ಬಿಡಿ. ಇಪ್ಪತ್ತೆರಡು ವರ್ಷದ ಸ್ನೇಹ, ಅಷ್ಟೂ ಮಾಡಲ್ವಾ?" ಎಂದಿದ್ದಳು. ಹನ್ನೊಂದು ದಿನದ ಹಿಂದೆ ನಡೆದದ್ದನ್ನು ಅವನು ಅವಳಿಗೂ ಹೇಳಿರಲಿಲ್ಲ.

ಅವತ್ತು ಎಂಟೂಕಾಲಿನ ಗಾಡಿ ತುಂಬಿತ್ತು. ಕಂಡಕ್ಟರನ ಕೈ ಹಗ್ಗಕ್ಕೆ ಹೋದದ್ದು ಕನ್ನಡಿಯಲ್ಲಿ ಕಂಡಿತು, ಅಷ್ಟರಲ್ಲಿ ಉದ್ದನೆಯ ಮನುಷ್ಯನೊಬ್ಬ ಅಡ್ಡ ಬಂದ. ಎರಡು ಸಲ ಎಳೆದಿರುತ್ತಾನೆ ಎಂದುಕೊಂಡು ಇವನು ಗಾಡಿ ಬಿಟ್ಟ. ಎಳೆದದ್ದು ಒಂದೇ ಸಲ. ಹಿಂದಿನ ಬಾಗಿಲಲ್ಲಿ ಹೆಂಗಸೊಬ್ಬಳು ಒಂದು ಕಾಲು ಮೆಟ್ಟಿಲ ಮೇಲೆ, ಒಂದು ಕಾಲು ರಸ್ತೆಯ ಮೇಲೆ ಇಟ್ಟಿದ್ದಳು. ಜನ ಬಸ್ಸಿನ ಮೈ ಬಡಿದದ್ದರಿಂದ ಸೀಟು ಅದುರಿದಾಗಲೇ ಅವನು ಬ್ರೇಕ್ ಹಾಕಿದ್ದು. ಅವಳು ಕಂಬಿ ಹಿಡಿದು ಕುಂಟುತ್ತಾ ನಾಲ್ಕು ಹೆಜ್ಜೆ ಓಡಿ, ಮಂಡಿ ಊರಿ ಬಿದ್ದು, ಎದ್ದು, ಸೀರೆಯ ಧೂಳು ಕೊಡವಿಕೊಂಡು ಅವನ ಕಡೆ ನೋಡಿ ಏನೋ ಅಂದಳು. ದೂರು ಕೊಡಲಿಲ್ಲ. ಅವಳ ಬಾಯಿ ಆಡಿದ್ದು ಮಾತ್ರ ಸ್ನಾನ ಮಾಡುವಾಗ, ಊಟ ಮಾಡುವಾಗ, ಗೇರ್ ಬದಲಿಸುವಾಗ ಅವನ ಕಣ್ಣ ಮುಂದೆ ಬರುತ್ತಿತ್ತು.

ಎರೆ ಮುಗಿಯುತ್ತಾ ಬಂತೆಂದು ಕಾಂಪೌಂಡರ್ ಬಕೆಟ್ ಹಿಡಿದು ಒದ್ದೆ ಮರಳಿನಲ್ಲಿ ಹುಳ ಕೆದಕಲು ಹೊರಟ. ಡ್ರೈವರ್ ಚಂಗನೆ ಎದ್ದು ಹಿಂದೆ ಹೋದ. ಇದೇ ಸಮಯ. ಕಾಂಪೌಂಡರ್ ಹುಟ್ಟಾ ಮೆತ್ತಗಿನ ಮನುಷ್ಯ, ಇಂಜೆಕ್ಷನ್ ಕೊಡುವಾಗಲೂ ಕ್ಷಮೆ ಕೇಳುವವನ ಹಾಗೆ ಮಾತಾಡುವವನು. ಅಲೆಯ ಮೊರೆತದಲ್ಲಿ ಅವನ ದನಿ ಡ್ರೈವರನ ಪಾಲಿಗೆ ಪೂರ್ತಿ ಮುಳುಗಿ ಹೋಗುತ್ತಿತ್ತು. ಅದಕ್ಕೇ ಎದುರಿಗೆ ಕೂತು ತುಟಿ ನೋಡುತ್ತಾ ಕೆದಕಿದ.

"ಅತ್ತಿಗೆ ಹೇಗಿದಾರೆ? ಈಗೀಗ ನನ್ನ ಗಾಡೀಲಿ ಕಾಣೋದೇ ಇಲ್ಲ," ಎಂದು ಸುತ್ತಿ ಬಳಸಿ ಶುರು ಮಾಡಿದ. ಕಾಂಪೌಂಡರನ ಹೆಂಡತಿ ವರ್ಷಗಟ್ಟಲೆ ಎಂಟೂಕಾಲಿನ ಗಾಡಿಯ ಮುಂದಿನ ಸೀಟಿನಲ್ಲೇ ಕೂತು ಕಚೇರಿಗೆ ಹೋಗುತ್ತಿದ್ದವಳು.

"ಟೈಮ್ ಬದಲಾಯ್ತು ಅವಳದು," ಎಂದ ಕಾಂಪೌಂಡರ್. ಕೈ ಮರಳಿನೊಳಗೇ ಇತ್ತು.

"ಓಹೋ. ಅಲ್ಲಾ, ಬುಧವಾರ ಇದೆಯಲ್ಲ..."

"ಏನ್ರಪ್ಪಾ ಗುಟ್ಟು?" ಎಂದು ಟೇಲರ್ ಬಂದೇ ಬಿಟ್ಟ. ಅವನಿಗೆ ಇಬ್ಬರು ಮಾತಾಡುವುದು ಕಂಡರೆ ಹೊಟ್ಟೆಯಲ್ಲಿ ಇರುವೆ ಬಿಟ್ಟ ಹಾಗೆ. "ನನ್ನ ಬಿಟ್ಟು ಏನ್ ಪಿತೂರಿ ನಡೀತಿದೆ? ನೋಡೋ, ಈ ಹುಳ ಥೇಟ್ ನಮ್ಮ ಭಾವಮೈದನ ಹಾಗೇ ಇದೆ, ಬೆನ್ನುಮೂಳೇನೇ ಇಲ್ಲ." ಇಬ್ಬರೂ ನಗಬೇಕಾಯಿತು. ಡ್ರೈವರನ ಮಾತು ಗಂಟಲಲ್ಲೇ ಉಳಿಯಿತು.

ಮತ್ತೆ ಬೆನ್ನು ಹಾಕಿ ಕೂರುವ ಸರದಿ. ಡ್ರೈವರ್ ಈ ಸಲ ಉಪಾಯ ಮಾಡಿದ. ರಾಡಿನ ದಾರಕ್ಕೆ ಇನ್ನೊಂದು ತೆಳು ದಾರ ಗಂಟು ಹಾಕಿ, ಅದನ್ನು ಮರಳಿನೊಳಗೆ ಹೂತು ತಂದು, ಯಾರೂ ನೋಡದಂತೆ ತನ್ನ ಕಾಲ ಹೆಬ್ಬೆರಳಿಗೆ ಸುತ್ತಿಕೊಂಡ. ಮೇಲೆ ಒಂದು ಹಿಡಿ ಮರಳು ಮುಚ್ಚಿದ. ಐವತ್ತೆಂಟರ ವಯಸ್ಸಿನಲ್ಲಿ ಈ ಕಳ್ಳಾಟ! ನಗು ಬರಬೇಕಿತ್ತು, ಬರಲಿಲ್ಲ. ಅಲೆ ಎಳೆದಾಗಲೆಲ್ಲ ಹೆಬ್ಬೆರಳು ಜಗ್ಗುತ್ತಿತ್ತು, ಅವನು ಬೆಚ್ಚುತ್ತಿದ್ದ. ಕಣ್ಣು ಟೇಲರನ ಗದ್ದದ ಮೇಲೆ, ಪ್ರಾಣ ಹೆಬ್ಬೆರಳಿನಲ್ಲಿ.

"ಸಮುದ್ರದ ಇಳಿತ ಶುರುವಾಗೋದು ಹನ್ನೊಂದು ಮೂವತ್ತೈದಕ್ಕೆ," ಎಂದರು ಮೇಷ್ಟ್ರು ಗಡಿಯಾರ ನೋಡಿ. "ಅದಕ್ಕೆ ಮೊದಲಿನ ಇಪ್ಪತ್ತು ನಿಮಿಷ ಬಹಳ ಮುಖ್ಯ."

"ಮೀನಿಗೂ ನಿಮ್ಮ ಟೈಮ್‌ಟೇಬಲ್ ಕೊಟ್ಟಿದೀರಾ ಮೇಷ್ಟ್ರೇ?" ಎಂದ ಟೇಲರ್. "ತಡವಾಗಿ ಬಂದ್ರೆ ಬೆಂಚಿನ ಮೇಲೆ ನಿಲ್ಲಿಸ್ತೀರೇನೋ."

ಅಷ್ಟರಲ್ಲಿ ಹೆಬ್ಬೆರಳು ಕಿತ್ತು ಹೋಗುವ ಹಾಗೆ ಜಗ್ಗಿತು. ಡ್ರೈವರ್ ಕಾಲು ಒದ್ದು ದಾರ ಕಡಿದುಕೊಂಡು, ಟೇಲರನ ಗದ್ದ ಏಳುವ ಮೊದಲೇ ಎದ್ದು ಓಡಿದ. ರಾಡು ಬಾಗಿ ತುದಿ ನೀರು ಮುಟ್ಟುವಂತಿತ್ತು. ಹತ್ತು ನಿಮಿಷ ಎಳೆದಾಡಿ ಸುತ್ತಿದ. ಮೊಣಕೈಯುದ್ದದ ಮೀನು, ಬೆಳ್ಳಿ ತಟ್ಟೆಯಂತೆ ಹೊಳೆಯುತ್ತಾ ಮರಳಿನ ಮೇಲೆ ಬಂದು ಬಿತ್ತು. ಮೇಷ್ಟ್ರು ಗೇಣು ಹಾಕಿ ಅಳೆದರು. ಟೇಲರ್ ಡ್ರೈವರನ ಬೆನ್ನಿಗೆ ಗುದ್ದಿದ. ಅರೆಗಳಿಗೆ ಅವನಿಗೆ ಎಲ್ಲವೂ ಮರೆತುಹೋಯಿತು. ಹಳೆಯ ಭಾನುವಾರಗಳು ಹೀಗೇ ಇದ್ದವು, ಇದಿಷ್ಟೇ ಸಾಕಾಗಿತ್ತು.

ತಲೆ ಎತ್ತಿದಾಗ ಕಾಂಪೌಂಡರ್ ಮೀನು ನೋಡುತ್ತಿರಲಿಲ್ಲ. ಮರಳಿನಲ್ಲಿ ರಾಡಿನಿಂದ ಕೂತ ಜಾಗದವರೆಗೆ ಎಳೆದ ಗೆರೆಯನ್ನು ನೋಡುತ್ತಿದ್ದ. ಆಮೇಲೆ ಡ್ರೈವರನ ಹೆಬ್ಬೆರಳಿಗೆ ಇನ್ನೂ ಸುತ್ತಿಕೊಂಡಿದ್ದ ದಾರದ ತುಂಡನ್ನು ನೋಡಿದ. ಬಕೆಟ್ಟಿಗೆ ನೀರು ತುಂಬಲು ಹೋದ.

ಮೀನು ಬಂದ ಹುರುಪಿನಲ್ಲಿ ಅವನು ತಕ್ಷಣ ಇನ್ನೊಂದು ಸಲ ಎಸೆಯಲು ನಿಂತ. ನಿಜ ಹೇಳಬೇಕೆಂದರೆ ಹುರುಪಲ್ಲ, ಕಾಂಪೌಂಡರನ ಮುಖ ತಪ್ಪಿಸಬೇಕಿತ್ತು. ಎಸೆಯುವುದಕ್ಕೂ ಅವರದೊಂದು ಕಾನೂನಿತ್ತು. ಬೀಸುವವನು "ಹಿಂದೆ!" ಎಂದು ಕೂಗಬೇಕು, ಹಿಂದೆ ಇರುವವರು "ಖಾಲಿ!" ಎನ್ನಬೇಕು, ಆಮೇಲೆ ಬೀಸಬೇಕು. ಮುಷ್ಟಿಯಷ್ಟು ಸೀಸ, ಎರಡು ಗಾಳ, ಗಾಳಿಯಲ್ಲಿ ತಿರುಗುವಾಗ ಆಟವಲ್ಲ. ಒಂದು ವರ್ಷದಿಂದ ಡ್ರೈವರ್ ಉತ್ತರಕ್ಕೆ ಕಾಯುತ್ತಿರಲಿಲ್ಲ. "ಹಿಂದೆ!" ಎಂದು ಕೂಗಿ, ಮನಸ್ಸಿನಲ್ಲೇ ಒಂದು, ಎರಡು ಎಣಿಸಿ ಬೀಸುತ್ತಿದ್ದ. ಇಪ್ಪತ್ತೆರಡು ವರ್ಷದಲ್ಲಿ "ಖಾಲಿ" ಬಿಟ್ಟು ಬೇರೆ ಉತ್ತರ ಬಂದದ್ದೇ ಇರಲಿಲ್ಲ.

"ಹಿಂದೆ!" ಎಂದ. ಒಂದು, ಎರಡು. ಮೈಯೆಲ್ಲ ತಿರುಗಿಸಿ ಬೀಸಿದ.

ರಾಡು ಏನಕ್ಕೋ ಸಣ್ಣಗೆ ತಗುಲಿ ಬಿಟ್ಟ ಹಾಗಾಯಿತು. ದಾರ ಸರ್ರನೆ ಹೋಯಿತು. ಗುಂಡಿನ ಹಿಂದೆ ನೀಲಿ ಬಣ್ಣದ್ದೇನೋ ಹಾರುತ್ತಿತ್ತು. ಅಲೆಯಾಚೆ ಬೀಳುವ ತನಕ ಅದು ಟೇಲರನ ಟೋಪಿ ಎಂದು ಅವನಿಗೆ ಹೊಳೆಯಲಿಲ್ಲ.

ತಿರುಗಿದ. ಟೇಲರ್ ಎರಡು ಮಾರು ಹಿಂದೆ, ಮರಳಿನಲ್ಲಿ ಮಂಡಿಯೂರಿ ಕೂತಿದ್ದ. ಕೈಯಲ್ಲಿದ್ದ ಚಹಾದ ಫ್ಲಾಸ್ಕು ಉರುಳಿ ಮರಳು ಕಂದಾಗುತ್ತಿತ್ತು. ಮೀನು ಹಿಡಿದವನಿಗೆ ಚಹಾ ಕೊಡಲು ಬಂದಿದ್ದನಂತೆ. ಕಿವಿಯ ಮೇಲ್ತುದಿಯಿಂದ ಒಂದು ಕೆಂಪು ಗೆರೆ ಕುತ್ತಿಗೆಗೆ ಇಳಿಯುತ್ತಿತ್ತು.

"ಏನಾಗಿಲ್ಲ, ಏನಾಗಿಲ್ಲ," ಎಂದ ಟೇಲರ್. "ಟೋಪಿ ಹಳೇದಾಗಿತ್ತು, ಮೀನಿಗೂ ತಲೆಗೆ ಬಿಸಿಲು ಬಡಿಯಲ್ವಾ?" ನಗಲು ನೋಡಿದ. ಆದರೆ ಕೈ ತನ್ನಷ್ಟಕ್ಕೆ ಹೋಗಿ ಕಣ್ಣನ್ನು ಮುಟ್ಟಿ ನೋಡಿಕೊಂಡಿತು. ಕಿವಿಗೂ ಕಣ್ಣಿಗೂ ನಡುವೆ ನಾಲ್ಕು ಬೆರಳು ಅಂತರ. ಆ ನಾಲ್ಕು ಬೆರಳನ್ನು ಎಲ್ಲರೂ ಅಳೆದರು. ಟೇಲರ್ ಮಾತು ನಿಲ್ಲಿಸಿದ್ದನ್ನು ಡ್ರೈವರ್ ಅವತ್ತೇ ಮೊದಲು ಕಂಡದ್ದು.

ಕಾಂಪೌಂಡರ್ ತನ್ನ ಔಷಧದ ಡಬ್ಬಿ ತೆಗೆದು ಗಾಯ ಒರೆಸಿ ಪಟ್ಟಿ ಹಾಕಿದ. ಮೇಷ್ಟ್ರು ರಾಡನ್ನು ಡ್ರೈವರನ ಕೈಯಿಂದ ಬಿಡಿಸಿಕೊಂಡು ತಾವೇ ರೀಲು ಸುತ್ತಿದರು. ಟೋಪಿ ನೀರು ಸುರಿಸುತ್ತಾ ಬಂತು. ಯಾರೂ ಬೈಯಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ಡ್ರೈವರನಿಗೆ. ಯಾರಿಗೂ ಹೇಳದೆ ನೀರಿನ ಅಂಚಿನಲ್ಲಿ ನಡೆಯತೊಡಗಿದ. ಮೆಟ್ಟಿಲ ಮೇಲೆ ಒಂದು ಕಾಲು, ರಸ್ತೆಯ ಮೇಲೆ ಒಂದು ಕಾಲು. ಅವಳು ಅವತ್ತು ಏನೆಂದಿದ್ದಳೋ.

ನೂರು ಹೆಜ್ಜೆ ಹೋಗುವಷ್ಟರಲ್ಲಿ ಭುಜದ ಮೇಲೆ ಕೈ ಬಿತ್ತು. ಕಾಂಪೌಂಡರ್. ಓಡಿ ಬಂದು ಏದುಸಿರು ಬಿಡುತ್ತಿದ್ದ.

"ಹಿಂದೆ ಅಂತ ಕೂಗಿದೆ ನಾನು," ಎಂದ ಡ್ರೈವರ್.

"ಕೂಗಿದೆ. ಅವನು ತಡಿ ಅಂದ, ಎರಡು ಸಲ. ನಾನೂ ಅಂದೆ. ಮೇಷ್ಟ್ರೂ ಅಂದ್ರು." ಕಾಂಪೌಂಡರ್ ಎದುರಿಗೆ ಬಂದು ನಿಂತು, ಬಿಡಿಸಿ ಬಿಡಿಸಿ, ದನಿ ಎತ್ತರಿಸಿ ಮಾತಾಡುತ್ತಿದ್ದ. ಆ ಮೆತ್ತಗಿನ ಮನುಷ್ಯ ಹಾಗೆ ಮಾತಾಡಿದ್ದನ್ನು ಡ್ರೈವರ್ ಎಂದೂ ಕೇಳಿರಲಿಲ್ಲ. "ನೋಡು, ಬುಧವಾರ ಬೇಗ ಬಂದ್ಬಿಡು. ಡಾಕ್ಟ್ರು ಬರೋದು ಹತ್ತರ ಮೇಲೆ. ಅಷ್ಟರಲ್ಲಿ ನಿಂದು ಮುಗಿಸ್ಬಿಡ್ತೀನಿ. ಹೋದ ಸಲದ ಹಾಗೇ."

"ಹೋದ ಸಲದ ಹಾಗೆ ಅಂದ್ರೆ?"

"ಒಂದು ಬಟನ್ ಒತ್ತೋಕೆ ಯಾರಾದ್ರೂ ಅಷ್ಟೆತ್ತರ ಮೊಣಕೈ ಎತ್ತುತಾರೇನೋ?" ಎಂದ ಕಾಂಪೌಂಡರ್.

ಬೆಳಗ್ಗೆಯಿಂದ ಹೇಗೆ ಕೇಳಲಿ ಹೇಗೆ ಕೇಳಲಿ ಎಂದು ಒದ್ದಾಡಿದ್ದು ಕೇಳದೇ ಕೈಗೆ ಬಂದಿತ್ತು. ಹೆಂಡತಿ ಹೇಳಿದ್ದು ಸರಿ. ಎರಡು ವರ್ಷ ಕಣ್ಣು ಮುಚ್ಚಿದರೆ ಕಳೆದುಹೋಗುತ್ತದೆ. ಡ್ರೈವರನಿಗೆ ಕಾಂಪೌಂಡರನನ್ನು ತಬ್ಬಿಕೊಳ್ಳಬೇಕು ಎನ್ನಿಸಿತು, ಅದರ ಜೊತೆಗೇ ಇನ್ನೊಂದು ಮಾತು ಎಲ್ಲಿಂದಲೋ ತೇಲಿ ಬಂದು ಮನಸ್ಸಿಗೆ ಬಡಿಯಿತು.

"ಅತ್ತಿಗೆ ಯಾವಾಗಿಂದ ನನ್ನ ಗಾಡಿ ಬಿಟ್ಟಿದ್ದು?" ಎಂದು ಕೇಳಿದ.

ಕಾಂಪೌಂಡರ್ ಸಮುದ್ರದ ಕಡೆ ನೋಡಿದ. ತುಟಿ ಅಲುಗಿತು.

"ಮುಖ ಈ ಕಡೆ ತಿರುಗಿಸಿ ಹೇಳು," ಎಂದ ಡ್ರೈವರ್. "ನಂಗೆ ಕಿವಿ ಕೇಳಲ್ಲ."

ಆ ಮಾತನ್ನು ಅವನು ಬಾಯಿಬಿಟ್ಟು ಯಾರಿಗೂ ಹೇಳಿರಲಿಲ್ಲ, ಹೆಂಡತಿಗೂ. ಕಾಂಪೌಂಡರ್ ತಿರುಗಿದ. ಅವನ ಕಣ್ಣು ಕೆಂಪಾಗಿತ್ತು.

"ಹೋದ ವರ್ಷದಿಂದ," ಎಂದ. "ನಿನ್ನ ಟೆಸ್ಟ್ ಆದ ಮಾರನೇ ದಿನದಿಂದ. ಒಂಬತ್ತರ ಗಾಡೀಲಿ ಹೋಗು ಅಂತ ನಾನೇ ಹೇಳ್ದೆ. ಯಾಕೆ ಅಂತ ಕೇಳಿದ್ಲು. ಸೀಟ್ ಸಿಗತ್ತೆ ಅಂದೆ."

ಅಲೆಯೊಂದು ಬಂದು ಇಬ್ಬರ ಪಾದ ತೋಯಿಸಿ ಕಾಲ ಕೆಳಗಿನ ಮರಳನ್ನು ಎಳೆದುಕೊಂಡು ಹೋಯಿತು. ಡ್ರೈವರ್ ನಿಂತೇ ಇದ್ದ. ಕೋಪ ಬರುತ್ತದೇನೋ ಎಂದು ಕಾದ. ಬರಲಿಲ್ಲ. ಎಂಟೂಕಾಲಿನ ಗಾಡಿಯ ಮುಖಗಳು ಒಂದೊಂದಾಗಿ ಬಂದವು. ಮುಂದಿನ ಸೀಟಿನಲ್ಲಿ ಈಗ ಬಸುರಿ ಹೆಂಗಸೊಬ್ಬಳು ಕೂರುತ್ತಾಳೆ. ಅವಳ ಹಿಂದೆ ಇಬ್ಬರು ನರ್ಸುಗಳು. ಕೋಲು ಹಿಡಿದ ಮುದುಕರು, ಪ್ರತಿದಿನ ಹತ್ತುವಾಗ ಅವನಿಗೆ ನಮಸ್ಕಾರ ಮಾಡುವವರು. ಅವರಿಗೆಲ್ಲ ಒಂಬತ್ತರ ಗಾಡಿಗೆ ಹೋಗಿ ಎಂದು ಹೇಳುವವರು ಯಾರೂ ಇರಲಿಲ್ಲ.

"ಬುಧವಾರ ನಾನು ಎಲ್ಲರ ಜೊತೆ ಸಾಲಲ್ಲೇ ಬರ್ತೀನಿ," ಎಂದ. "ಕುರ್ಚಿ ತಿರುಗಿಸಿ ಹಾಕು. ಗಾಜಿಗೆ ಬೆನ್ನು ಮಾಡಿ ಕೂರ್ಸು ನನ್ನ."

"ಯೋಚನೆ ಮಾಡು ಕಣೋ. ಗೇಟಿನ ಕೆಲಸ ಅದು."

"ಗೊತ್ತು," ಎಂದ ಡ್ರೈವರ್. ಸಂಜೆ ಹೆಂಡತಿಗೆ ಏನು ಹೇಳುವುದೆಂದು ಹೊಳೆಯುತ್ತಿರಲಿಲ್ಲ.

ವಾಪಸ್ಸು ಬಂದಾಗ ಮೇಷ್ಟ್ರು ನಾಲ್ಕೂ ರಾಡಿಗೆ ಹೊಸ ಎರೆ ಚುಚ್ಚಿ, ಎಸೆದು, ಗಂಟೆ ಸಿಕ್ಕಿಸಿ ಇಟ್ಟಿದ್ದರು. ಟೇಲರ್ ಒದ್ದೆ ಟೋಪಿಯನ್ನು ಮಂಡಿಯ ಮೇಲೆ ಹರಡಿಕೊಂಡು ತೂತನ್ನು ಪರೀಕ್ಷೆ ಮಾಡುತ್ತಿದ್ದ. "ನಾಲ್ಕು ಹೊಲಿಗೆ ಹಾಕಿದ್ರೆ ಆಯ್ತು," ಎಂದ, ಯಾರಿಗೂ ಅಲ್ಲ ಎಂಬಂತೆ. ಡ್ರೈವರ್ ಅವನ ಪಕ್ಕದಲ್ಲೇ ಕೂತ. ಪಟ್ಟಿ ಹಾಕಿದ ಕಿವಿಯನ್ನು ಒಮ್ಮೆ ನೋಡಿದ.

"ನಂಗೆ ಕೇಳಿಸಲಿಲ್ಲ ಕಣೋ," ಎಂದ. "ಬೆಕ್ಕಿನ ಗಂಟೇನೂ ಕೇಳಿಸಲ್ಲ. ಒಂದು ವರ್ಷ ಆಯ್ತು."

ಮೇಷ್ಟ್ರು ಕನ್ನಡಕ ತೆಗೆದು ಒರೆಸತೊಡಗಿದರು. ಟೇಲರ್ ಅವನ ಮುಖವನ್ನು ದಿಟ್ಟಿಸಿ ನೋಡಿದ. ಏನೋ ತಮಾಷೆ ಬಾಯಿಯ ತನಕ ಬಂದು ವಾಪಸ್ಸು ಹೋದಂತಿತ್ತು. ಕೊನೆಗೆ ಅವನು ಡಬ್ಬಿ ತೆರೆದು ಕೊನೆಯ ಮೊಟ್ಟೆಯ ಸಿಪ್ಪೆ ಬಿಡಿಸಿ, ಎರಡು ಮಾಡಿ, ಅರ್ಧವನ್ನು ಡ್ರೈವರನ ಕೈಯಲ್ಲಿಟ್ಟ.

ನಾಲ್ವರೂ ಸಮುದ್ರಕ್ಕೆ ಬೆನ್ನು ಹಾಕಿ ಕೂತರು. ಬಿಸಿಲು ದಿಬ್ಬದ ಮೇಲೆ ಬಿದ್ದು ಮರಳು ಬೆಳ್ಳಗೆ ಕಾಣುತ್ತಿತ್ತು. ಡ್ರೈವರ್ ಹೆಬ್ಬೆರಳಿನ ದಾರ ಬಿಚ್ಚಿ ಉಂಡೆ ಮಾಡಿ ಜೇಬಿಗೆ ಹಾಕಿಕೊಂಡ. ಟೇಲರನ ಗದ್ದದ ಕಡೆ ನೋಡಲಿಲ್ಲ. ಬುಧವಾರ ನೆನಪಾದಾಗಲೆಲ್ಲ ಎದೆ ಧಸಕ್ಕೆನ್ನುತ್ತಿತ್ತು. ಆದರೂ ಒಂದು ವರ್ಷದಿಂದ ಇಲ್ಲಿ ಕೂತಾಗ ಮಾಡದ ಕೆಲಸವೊಂದನ್ನು ಮಾಡಿದ. ಕಣ್ಣು ಮುಚ್ಚಿಕೊಂಡ.

ಎಷ್ಟು ಹೊತ್ತಾಯಿತೋ. ಮಂಡಿಯ ಮೇಲೆ ಯಾರದೋ ಕೈ ತಟ್ಟಿತು. ಒಂದು, ಎರಡು.

ಅವನು ಎದ್ದು ತಿರುಗಿದ. ನೀರು ಬಹಳ ಹಿಂದೆ ಸರಿದಿತ್ತು. ಸಾಲಿನ ಕೊನೆಯಲ್ಲಿ ಅವನ ರಾಡು ಬಾಗಿ ನಿಂತಿತ್ತು, ತುದಿಯಲ್ಲಿ ಬೆಕ್ಕಿನ ಗಂಟೆ ಬಿಸಿಲಿಗೆ ಹೊಳೆಯುತ್ತಾ ಒಂದೇ ಸಮನೆ ಅಲ್ಲಾಡುತ್ತಿತ್ತು.